ಗಾಯಗೊಂಡ ಸಾಕುಹಕ್ಕಿ: ತೊಂದರೆ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ನಾಯಿ, ದನ, ಬೆಕ್ಕುಗಳ ನಡುವೆ ಅಪರೂಪಕ್ಕೊಮ್ಮೆ ಹಕ್ಕಿ ನೋಡುವ ಪಶುವೈದ್ಯರಿಗಾಗಿ ಬರೆದದ್ದು ಇದು. ಆಸ್ಪತ್ರೆಗೆ ಬರುವ ಮೊದಲು ಮಾಡಬೇಕಾದ ಕೆಲಸಗಳು ಹಕ್ಕಿ ಸಾಕಿದವರಿಗೂ ಉಪಯೋಗಕ್ಕೆ ಬರುತ್ತವೆ. ಔಷಧದ ಪ್ರಮಾಣಗಳು ಮಾತ್ರ ವೈದ್ಯರಿಗೆ.

ರೆಕ್ಕೆ ಜೋತುಬಿದ್ದ ಬಡ್ಜಿಯನ್ನು (ಸಣ್ಣ ಸಾಕುಗಿಳಿ) ಮೇಜಿನ ಮೇಲಿಟ್ಟರೆ ಕೈ ಮೊದಲು ಹೋಗುವುದು ರೆಕ್ಕೆಗೇ. ಎಡವುವುದೂ ಅಲ್ಲೇ. ಹಕ್ಕಿಯಲ್ಲಿ ಕಣ್ಣಿಗೆ ಕಾಣುವ ಗಾಯ ಬೇರೆ, ಜೀವ ತೆಗೆಯುವ ತೊಂದರೆ ಬೇರೆ. ಮೂಳೆ ಮುರಿದ ಹಕ್ಕಿಗೆ ಒಂದೆರಡು ದಿನ ತಡವಾದರೂ ಚಿಕಿತ್ಸೆ ಕೊಡಬಹುದು. ಉಸಿರು, ರಕ್ತ, ಮೈಶಾಖ ಇವು ಮೂರರಲ್ಲಿ ಒಂದು ಕೈಕೊಟ್ಟರೆ ಉಳಿದಿರುವುದು ನಿಮಿಷಗಳು. ಹಾಗಾಗಿ ಮುಂದಿನ ಹುಡುಕಾಟವೆಲ್ಲ ಆ ಮೂರರಿಂದಲೇ ಶುರು.

ಮುಟ್ಟುವ ಮೊದಲು

ಹಕ್ಕಿಯನ್ನು ತಂದ ಪಂಜರದಲ್ಲೋ ರಟ್ಟಿನ ಡಬ್ಬದಲ್ಲೋ ಹಾಗೇ ಬಿಟ್ಟು, ನಾಲ್ಕಡಿ ದೂರ ನಿಂತು ಎರಡು ನಿಮಿಷ ನೋಡಿ. ಕೋಣೆಯಲ್ಲಿ ನಾಯಿ ಬೊಗಳುತ್ತಿರಬಾರದು, ಫ್ಯಾನ್ ತಿರುಗುತ್ತಿರಬಾರದು. ಕಾಯಿಲೆ ಬಿದ್ದ ಹಕ್ಕಿ ಅಪರಿಚಿತರ ಎದುರು ಚೆನ್ನಾಗಿರುವಂತೆ ನಟಿಸುತ್ತದೆ. ಬೇಟೆಗೆ ಬೀಳುವ ಪ್ರಾಣಿಯ ಹುಟ್ಟುಗುಣ ಅದು. ಎರಡನೇ ನಿಮಿಷದ ಹೊತ್ತಿಗೆ ನಟನೆ ಸಡಿಲವಾಗಿ ಕಣ್ಣು ಮುಚ್ಚತೊಡಗುತ್ತದೆ, ಪುಕ್ಕ ಉಬ್ಬುತ್ತದೆ, ಬಾಲ ಅಲುಗುವುದು ಕಾಣುತ್ತದೆ.

ನೋಡಬೇಕಾದ್ದು ಇಷ್ಟು:

- ಪ್ರತಿ ಉಸಿರಿಗೂ ಬಾಲ ಮೇಲೆಕೆಳಗೆ ಪಂಪಿನಂತೆ ಆಡುತ್ತಿದೆಯೇ? ಕೊಕ್ಕು ತೆರೆದು ಉಸಿರಾಡುತ್ತಿದೆಯೇ? ಇದ್ದರೆ ಕೈ ಹಾಕಬೇಡಿ, ಮೊದಲು ಆಕ್ಸಿಜನ್.
- ಕೋಲಿನ ಮೇಲೆ ಕೂತಿದೆಯೋ, ತಳದಲ್ಲಿ ಬಿದ್ದಿದೆಯೋ? ಎರಡೂ ಕಾಲಿನ ಮೇಲೆ ಭಾರ ಒಂದೇ ಸಮ ಇದೆಯೋ?
- ಎರಡು ರೆಕ್ಕೆಗಳ ತುದಿ ಬಾಲದ ಮೇಲೆ ಒಂದೇ ಮಟ್ಟದಲ್ಲಿ ಕೂಡುತ್ತವೆಯೇ?
- ತಲೆ ನೆಟ್ಟಗಿದೆಯೇ?
- ಡಬ್ಬದ ತಳದಲ್ಲಿ ರಕ್ತ ಎಷ್ಟು? ಹಿಕ್ಕೆ ಹೇಗಿದೆ?

ಹಿಕ್ಕೆಯನ್ನು ಕಸವೆಂದು ಎಸೆಯಬೇಡಿ. ಸರಿಯಾದ ಹಿಕ್ಕೆಯಲ್ಲಿ ಮೂರು ಭಾಗ: ಹಸಿರು ಅಥವಾ ಕಂದು ಮಲ, ಬಿಳಿ ಯೂರೇಟ್ (ಮೂತ್ರದ ಗಟ್ಟಿ ಭಾಗ), ಸುತ್ತ ಸ್ವಲ್ಪ ತಿಳಿನೀರು. ಬಿಳಿ ಇರಬೇಕಾದ ಭಾಗವೇ ಹಸಿರಾಗಿದ್ದರೆ ಯಕೃತ್ತಿನ ಮೇಲೆ ಅನುಮಾನ. ಮಲ ಟಾರಿನಂತೆ ಕಪ್ಪಾಗಿದ್ದರೆ ಮೇಲಿನ ಕರುಳಿನಲ್ಲಿ ರಕ್ತ ಹೋಗಿರಬಹುದು. ಗಾಢ ಹಸಿರು, ಅಂಟಂಟು, ಚೂರೇ ಚೂರು ಎಂದಾದರೆ ಹಕ್ಕಿ ತಿಂದು ಹೊತ್ತಾಗಿದೆ, ಅಂದರೆ ತೊಂದರೆ ಇವತ್ತಿನದಲ್ಲ. "ಬೆಳಿಗ್ಗೆ ಬಿತ್ತು ಡಾಕ್ಟ್ರೇ, ನಿನ್ನೆವರೆಗೂ ಚೆನ್ನಾಗಿತ್ತು" ಎಂದು ತಂದವರು ಹೇಳಿದರೂ ಹಿಕ್ಕೆ ಬೇರೆಯದನ್ನು ಹೇಳುತ್ತಿದ್ದರೆ ಹಿಕ್ಕೆಯನ್ನೇ ನಂಬಿ. ಎಷ್ಟೋ ಸಲ ಹಕ್ಕಿ ಬಿದ್ದದ್ದರಿಂದ ಕಾಯಿಲೆಯಾಗಿರುವುದಿಲ್ಲ, ಕಾಯಿಲೆಯಿಂದ ಬಿದ್ದಿರುತ್ತದೆ.

ಮೊದಲ ವಿಂಗಡಣೆ: ಉಸಿರು, ರಕ್ತ, ಶಾಖ

ಹಕ್ಕಿಗೆ ವಪೆ, ಅಂದರೆ ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುಪದರ, ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದಾಗ ಗಾಳಿಚೀಲಗಳು ತುಂಬಿ ಖಾಲಿಯಾಗುತ್ತವೆ, ಆ ಗಾಳಿ ಶ್ವಾಸಕೋಶದ ಮೂಲಕ ಹರಿಯುತ್ತದೆ. ಎದೆ ಹಿಡಿದರೆ ಮೂಗು, ಬಾಯಿ ತೆರೆದಿದ್ದರೂ ಉಸಿರು ನಿಲ್ಲುತ್ತದೆ. ಮೇಜಿನ ಮೇಲೆ "ಇದ್ದಕ್ಕಿದ್ದಂತೆ ಸತ್ತುಹೋಯಿತು" ಎನ್ನುವ ಹಕ್ಕಿಗಳಲ್ಲಿ ಒಂದು ಪಾಲು ಹೀಗೆ ಮುಷ್ಟಿಯಲ್ಲೇ ಹೋದವು.

ಉಸಿರಿಗೆ ಕಷ್ಟಪಡುತ್ತಿದ್ದರೆ ಹಕ್ಕಿಯನ್ನು ಅದರ ಡಬ್ಬದ ಸಮೇತ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಆಕ್ಸಿಜನ್ ನಳಿಕೆ ಒಳಗೆ ಬಿಡಿ. ಒಳಗಿನ ಗಾಳಿ ಹೊರಹೋಗಲು ತೂತು ಇರಲಿ. ಹತ್ತು ಹದಿನೈದು ನಿಮಿಷ ಕಾಯಿರಿ. ಬಾಲದ ಆಟ ಕಡಿಮೆಯಾದ ಮೇಲೆಯೇ ಪರೀಕ್ಷೆ. ಆ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿಬಿಡಿ: ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಖಾಲಿಯಾಗಿ ಕಾದಿತ್ತೇ? ಆ ಲೇಪ ಅತಿಯಾಗಿ ಕಾದಾಗ ಬರುವ ಹೊಗೆಗೆ ಹಕ್ಕಿಯ ಶ್ವಾಸಕೋಶ ರಕ್ತಸ್ರಾವವಾಗಿ ತುಂಬಿಕೊಳ್ಳುತ್ತದೆ. ಕೋಲಿನಿಂದ ಬಿದ್ದ ಹಕ್ಕಿ ಎಂದು ತಂದಿರುತ್ತಾರೆ, ಮೈಮೇಲೆ ಒಂದು ಗೀರೂ ಇರುವುದಿಲ್ಲ.

ರಕ್ತದ ಲೆಕ್ಕ ಸುಲಭ. ಮೈತೂಕದ ಸುಮಾರು ಹತ್ತನೇ ಒಂದು ಪಾಲು ರಕ್ತ. 35 ಗ್ರಾಂ ಬಡ್ಜಿಯಲ್ಲಿ ಅದು 3.5 ಮಿಲಿ, ಮುಕ್ಕಾಲು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಮೈತೂಕದ ಶೇ. 1, ಅಂದರೆ 0.35 ಮಿಲಿ ಹೋದರೆ ಆರೋಗ್ಯವಾದ ಹಕ್ಕಿ ತಡೆದುಕೊಳ್ಳುತ್ತದೆ. ಹನಿಗೆ 0.05 ಮಿಲಿ ಹಿಡಿದರೆ ಏಳು ಹನಿ. ಬಿಳಿ ಬಟ್ಟೆಯ ಮೇಲೆ ಏಳು ಹನಿ ರಕ್ತ ಕೊಲೆಯಾದಂತೆ ಕಾಣುತ್ತದೆ, ಆದರೂ ಅದು ಅಪಾಯದ ಮಟ್ಟವಲ್ಲ. ಇಪ್ಪತ್ತು ಹನಿ ಅಪಾಯ. ಹಾಗಾಗಿ "ತುಂಬಾ ರಕ್ತ ಹೋಗಿದೆ" ಎಂಬ ಮಾತಿಗೆ ಬದಲು ಬಟ್ಟೆಯನ್ನೇ ತರಲು ಹೇಳಿ, ಕಲೆಗಳನ್ನು ಎಣಿಸಿ.

ಇನ್ನು ಶಾಖ. ಹಕ್ಕಿಯ ಮೈ ಸಹಜವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಆಘಾತಕ್ಕೊಳಗಾದ ಹಕ್ಕಿ ಅಷ್ಟನ್ನು ಕಾಯ್ದುಕೊಳ್ಳಲಾಗದೆ ಪುಕ್ಕ ಉಬ್ಬಿಸುತ್ತದೆ. ಪೆಟ್ಟಿಗೆಯ ಒಳಗೆ 29ರಿಂದ 32 ಡಿಗ್ರಿ ಬರುವಂತೆ ಮಾಡಿ, ಅರ್ಧ ಭಾಗಕ್ಕೆ ಮಾತ್ರ ಶಾಖ ಕೊಡಿ. ಹಕ್ಕಿಗೆ ಬೇಕಾದರೆ ಸರಿದುಕೊಳ್ಳಲು ಜಾಗವಿರಬೇಕು. ಥರ್ಮಾಮೀಟರ್ ಹಕ್ಕಿ ಕೂರುವ ಮಟ್ಟದಲ್ಲಿರಲಿ, ಮುಚ್ಚಳದ ಹತ್ತಿರ ಅಲ್ಲ. ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ಬಾಯಿಬಿಟ್ಟು ಏದುಸಿರು ಬಿಟ್ಟರೆ ಶಾಖ ಹೆಚ್ಚಾಗಿದೆ. ಇದನ್ನು ಉಸಿರಾಟದ ತೊಂದರೆ ಎಂದುಕೊಂಡು ಇನ್ನಷ್ಟು ಬಿಸಿ ಮಾಡುವವರಿದ್ದಾರೆ.

ಈ ಶಾಖದ ನಿಯಮಕ್ಕೆ ಒಂದು ಅಪವಾದ ತಲೆಪೆಟ್ಟು. ಅದು ಮುಂದೆ ಬರುತ್ತದೆ.

ಮನೆಯವರು ದಾರಿಯಲ್ಲಿ ಮಾಡಬೇಕಾದ್ದು: ಮುಚ್ಚಳವಿರುವ ರಟ್ಟಿನ ಡಬ್ಬ, ತಳಕ್ಕೆ ಜಾರದ ಬಟ್ಟೆ, ನಾಲ್ಕೈದು ಗಾಳಿತೂತು, ಕತ್ತಲು, ಮೌನ. ಡಬ್ಬದ ಹೊರಗೆ ಒಂದು ಪಕ್ಕಕ್ಕೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಬಾಯಿಗೆ ನೀರಾಗಲಿ ಗ್ಲೂಕೋಸ್ ಆಗಲಿ ಹಾಕಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ನುಂಗುವ ಶಕ್ತಿಯಿಲ್ಲದ ಹಕ್ಕಿಗೆ ಒಂದು ಹನಿ ಹಾಕಿದರೂ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಿಡಿಯುವುದು, ತೂಗುವುದು

ಬೇಕಾದ ಸಾಮಾನೆಲ್ಲ ಮೇಜಿನ ಮೇಲೆ ಬಂದ ಮೇಲೆ ದೀಪ ಆರಿಸಿ, ತೆಳ್ಳನೆ ಟವೆಲ್ ಬಳಸಿ ಹಿಡಿಯಿರಿ. ಹೆಬ್ಬೆರಳು, ತೋರುಬೆರಳು ದವಡೆಯ ಎರಡು ಪಕ್ಕ, ಉಳಿದ ಬೆರಳು ಬೆನ್ನ ಮೇಲೆ, ಎದೆಯ ಮುಂದೆ ಏನೂ ಇರಬಾರದು. ಶ್ವಾಸನಾಳದ ಬಳೆಗಳು ಪೂರ್ತಿ ವೃತ್ತವಾಗಿರುವುದರಿಂದ ಕತ್ತಿನ ಪಕ್ಕದ ಹಿಡಿತವನ್ನು ಹಕ್ಕಿ ತಾಳಿಕೊಳ್ಳುತ್ತದೆ, ಎದೆಯ ಹಿಡಿತವನ್ನು ತಾಳದು. ಒಂದು ಸಲಕ್ಕೆ ಎರಡು ನಿಮಿಷ ಸಾಕು. ನಡುವೆ ಬಾಯಿ ತೆರೆಯಿತೋ, ತಲೆ ಜೋಲಿತೋ, ಕೂಡಲೇ ಪೆಟ್ಟಿಗೆಗೆ. ಬಾಕಿ ಪರೀಕ್ಷೆ ಅರ್ಧ ಗಂಟೆ ಬಿಟ್ಟು. ತೀರಾ ಗಾಬರಿಗೊಂಡ ಹಕ್ಕಿಗೆ ಗಾಬರಿ ತಗ್ಗಿಸುವ ಮಿಡಜೋಲಮ್ ಪ್ರತಿ ಕಿಲೋಗೆ 1ರಿಂದ 2 ಮಿಗ್ರಾಂ ಮೂಗಿನ ಹೊಳ್ಳೆಗೆ ಹಾಕಿದರೆ ಕೆಲಸ ಸಲೀಸು.

ತೂಕ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ. ಅಂದಾಜು ನಡೆಯದು. ಬಡ್ಜಿಯಲ್ಲಿ 5 ಗ್ರಾಂ ಅಂದಾಜು ತಪ್ಪಿದರೆ ಔಷಧದಲ್ಲಿ ಶೇ. 14 ತಪ್ಪಿದಂತೆ. ಎದೆಮೂಳೆಯ ಎರಡೂ ಪಕ್ಕದ ಮಾಂಸ ಬೆರಳಿಗೆ ತುಂಬಿ ಸಿಗಬೇಕು. ಮೂಳೆ ಚೂರಿಯ ಅಂಚಿನಂತೆ ಸಿಕ್ಕರೆ ಹಕ್ಕಿ ವಾರಗಳಿಂದ ಸೊರಗುತ್ತಿದೆ, ಇವತ್ತಿನ ಗಾಯ ಅದರ ಕೊನೆಯ ಅಧ್ಯಾಯ ಅಷ್ಟೇ.

ನೀರಿನಂಶ ನೋಡಲು ರೆಕ್ಕೆಯ ಒಳಮಗ್ಗುಲಲ್ಲಿ, ಮೊಣಕೈ ಬಳಿ ಹಾಯುವ ರಕ್ತನಾಳವನ್ನು ಬೆರಳಿನಿಂದ ಒತ್ತಿ ಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಬೇಕು. ತುಂಬುವುದನ್ನು ನಿಮ್ಮ ಕಣ್ಣು ಹಿಂಬಾಲಿಸುವಷ್ಟು ನಿಧಾನವಾಗಿದ್ದರೆ, ಅಂದರೆ ಒಂದೆರಡು ಸೆಕೆಂಡ್ ಹಿಡಿದರೆ, ನೀರಿನ ಕೊರತೆ ಶೇ. 7 ದಾಟಿದೆ. ದಿನದ ಅಗತ್ಯ ಕಿಲೋಗೆ 50 ಮಿಲಿ, 35 ಗ್ರಾಂ ಹಕ್ಕಿಗೆ ಹತ್ತಿರ ಹತ್ತಿರ 1.75 ಮಿಲಿ. ಕೊರತೆಯ ಪಾಲು ಇದಕ್ಕೆ ಸೇರಿಸಿ. ದ್ರವವನ್ನು 38–39 ಡಿಗ್ರಿಗೆ ಬೆಚ್ಚಗೆ ಮಾಡಿ, ತೊಡೆಸಂದಿನ ಸಡಿಲ ಚರ್ಮದ ಕೆಳಗೆ ಕೊಡಿ. ಕೋಣೆಯ ತಣ್ಣನೆ ಸಲೈನ್ ಅಷ್ಟು ಪುಟ್ಟ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ರಕ್ತ ನಿಲ್ಲುತ್ತಿಲ್ಲ

ಎಲ್ಲಿಂದ ಎಂದು ಮೊದಲು ಹುಡುಕಿ. ರೆಕ್ಕೆ ಪೂರ್ತಿ ಕೆಂಪಾಗಿದ್ದರೂ ಮೂಲ ಹೆಚ್ಚಿನ ಸಲ ಒಂದೇ ಒಂದು ಎಳೆಗರಿ. ಬೆಳೆಯುತ್ತಿರುವ ಗರಿಯ ದಂಟಿನೊಳಗೆ ರಕ್ತನಾಳ ಇರುತ್ತದೆ, ದಂಟು ಕಪ್ಪುಗೆಂಪಾಗಿ ಕಾಣುತ್ತದೆ. ಮುರಿದರೆ ನಲ್ಲಿ ಸೋರಿದಂತೆ ಸೋರುತ್ತದೆ. ಗಾಜ್ ಬಟ್ಟೆ ಇಟ್ಟು ಮೂರರಿಂದ ಐದು ನಿಮಿಷ ಒತ್ತಿಹಿಡಿಯಿರಿ, ನಡುವೆ ತೆಗೆದು ಇಣುಕಬೇಡಿ. ಕಾರ್ನ್‌ಫ್ಲೋರ್ ಮೆತ್ತಬಹುದು. ನಿಂತರೆ ಗರಿಯನ್ನು ಮುಟ್ಟದೆ ಬಿಡಿ. ಮತ್ತೆ ಮತ್ತೆ ಸೋರುತ್ತಿದ್ದರೆ ಮಾತ್ರ ಕೀಳಬೇಕು: ಒಂದು ಕೈಯಲ್ಲಿ ರೆಕ್ಕೆಯ ಮೂಳೆಗೆ ಆಧಾರ ಕೊಟ್ಟು, ಫೋರ್ಸೆಪ್ಸ್‌ನಲ್ಲಿ ದಂಟನ್ನು ಚರ್ಮದ ಪಕ್ಕದಲ್ಲೇ ಹಿಡಿದು, ಗರಿ ಬೆಳೆದ ದಿಕ್ಕಿಗೇ ನೇರ ಎಳೆಯಿರಿ. ಓರೆಯಾಗಿ ಎಳೆದರೆ ಬೇರಿನ ಗೂಡು ಹರಿದು ಮುಂದಿನ ಗರಿ ವಕ್ರವಾಗಿ ಬರುತ್ತದೆ, ಆಧಾರವಿಲ್ಲದೆ ಎಳೆದರೆ ಸಣ್ಣ ಹಕ್ಕಿಯ ಮೂಳೆಯೇ ಮುರಿದೀತು. ಕೀಳಲು ನೋವಾಗುತ್ತದೆ, ನೋವಿನ ಮದ್ದು ಕೊಟ್ಟು ಮಾಡಿ.

ಉಗುರಿನಿಂದ ಸೋರಿದರೆ ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಸರಿ. ಅದೇ ಪುಡಿಯನ್ನು ಗರಿಯ ಗೂಡಿಗೋ ತೆರೆದ ಚರ್ಮಕ್ಕೋ ಹಾಕಬೇಡಿ, ಅದು ಸುಡುತ್ತದೆ.

ರೆಕ್ಕೆ ಜೋತುಬಿದ್ದಿದೆ

ಎರಡೂ ರೆಕ್ಕೆಗಳನ್ನು ಒಟ್ಟಿಗೆ, ಭುಜದಿಂದ ತುದಿಯವರೆಗೆ ತಡವಿ ಹೋಲಿಸಿ. ಸರಿಯಿರುವ ರೆಕ್ಕೆಯೇ ನಿಮ್ಮ ನಕ್ಷೆ. ಸ್ಪಿರಿಟ್ ಸುರಿಯದೆ, ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಪುಕ್ಕ ಬಿಡಿಸಿ ಚರ್ಮ ನೋಡಿ. ಸ್ಪಿರಿಟ್ ಆರುವಾಗ ಮೈಶಾಖ ಎಳೆದುಕೊಂಡು ಹೋಗುತ್ತದೆ.

ಮುಂಗೈಯಲ್ಲಿ ಎರಡು ಮೂಳೆ. ಹಕ್ಕಿಯಲ್ಲಿ ಅಲ್ನಾ ದಪ್ಪ, ರೇಡಿಯಸ್ ಸಣ್ಣದು. ಹಾರುವ ಗರಿಗಳಲ್ಲಿ ಮೈ ಕಡೆಯ ಸಾಲು ನೆಟ್ಟಿರುವುದು ಅಲ್ನಾದ ಮೇಲೆ. ಎರಡರಲ್ಲಿ ಒಂದೇ ಮುರಿದಿದ್ದರೆ ಇನ್ನೊಂದು ಅದಕ್ಕೆ ಪಟ್ಟಿಯಾಗಿ ನಿಲ್ಲುತ್ತದೆ, 8ರ ಆಕಾರದ ಕಟ್ಟು ಮತ್ತು ಪಂಜರದ ವಿಶ್ರಾಂತಿ ಸಾಕು. ಎರಡೂ ಮುರಿದು, ಹಕ್ಕಿ ಮತ್ತೆ ಚೆನ್ನಾಗಿ ಹಾರಬೇಕೆಂದಿದ್ದರೆ ಪಿನ್ ಹಾಕುವವರ ಬಳಿ ಕಳುಹಿಸಿ.

8ರ ಕಟ್ಟು ಹೀಗೆ. ರೆಕ್ಕೆಯನ್ನು ಹಕ್ಕಿ ಕೂತಾಗ ಮಡಿಸುವಂತೆಯೇ ಮಡಿಸಿ. ತನಗೆ ತಾನೇ ಅಂಟುವ, ಗರಿಗೆ ಅಂಟದ ಬ್ಯಾಂಡೇಜನ್ನು ಬಡ್ಜಿಗೆ ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ, ಕಾಕಟೀಲ್‌ಗೆ (ಬಡ್ಜಿಗಿಂತ ದೊಡ್ಡ, ಜುಟ್ಟಿನ ಗಿಳಿ) ಎರಡು ಸೆಂಟಿಮೀಟರ್‌ಗೆ ಕತ್ತರಿಸಿ. ಮೊದಲ ಸುತ್ತು ಕಂಕುಳಿನ ತೀರಾ ಒಳಗೆ, ಮೈಗೆ ತಾಗುವಷ್ಟು ಮೇಲೆ ಹೋಗಬೇಕು. ಅಲ್ಲಿಂದ ರೆಕ್ಕೆಯ ಹೊರಮೈ ಮೇಲೆ ಓರೆಯಾಗಿ ಬಂದು ಮಣಿಕಟ್ಟಿನ ಬಾಗನ್ನು ಸುತ್ತಿ, ಮತ್ತೆ ಹೊರಮೈ ಮೇಲೆ ಅಡ್ಡ ದಾಟಿ ಕಂಕುಳಿಗೆ. ಎರಡೋ ಮೂರೋ ಸುತ್ತು, ಅಷ್ಟೇ. ಕಂಕುಳಿನ ಸುತ್ತು ಕೆಳಗೆ ಬಿದ್ದಿದ್ದರೆ ಸಂಜೆಯೊಳಗೆ ಕಟ್ಟು ಜಾರಿ ಮಣಿಕಟ್ಟಿನ ಬಳಿ ಉಂಡೆಯಾಗುತ್ತದೆ. ಸೋಲುವ ಕಟ್ಟುಗಳಲ್ಲಿ ಹೆಚ್ಚಿನವು ಹೀಗೇ ಸೋಲುವುದು. ಎಳೆದು ಬಿಗಿ ಮಾಡಬೇಡಿ, ರೋಲಿನಿಂದ ಮೊದಲೇ ಬಿಚ್ಚಿ ಸಡಿಲಿಸಿಕೊಂಡು ಸುತ್ತಿ. ತೂಕವನ್ನೂ ನೋಡಿ: 35 ಗ್ರಾಂ ಹಕ್ಕಿಗೆ 2 ಗ್ರಾಂ ಕಟ್ಟು ಎಂದರೆ 70 ಕಿಲೋ ಮನುಷ್ಯನ ತೋಳಿಗೆ 4 ಕಿಲೋ ಕಟ್ಟಿದಂತೆ.

ತೋಳಿನ ಮೂಳೆ, ಅಂದರೆ ಹ್ಯೂಮರಸ್ ಮುರಿದಾಗ 8ರ ಕಟ್ಟು ಒಂದೇ ಹಾಕಿದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಮಡಿಸಿ ಕಟ್ಟಿದ ರೆಕ್ಕೆಯ ಭಾರವೆಲ್ಲ ಮುರಿದ ಜಾಗದಲ್ಲಿ ತೂಗಾಡಿ ಚೂಪಾದ ಮೂಳೆತುದಿ ಚರ್ಮ ತೂರಿ ಹೊರಬರುತ್ತದೆ. ಅದಕ್ಕೆ ರೆಕ್ಕೆಯನ್ನು ಮೈಗೂ ಸೇರಿಸಿ ಕಟ್ಟಬೇಕು: ಪಟ್ಟಿ ಎದೆಮೂಳೆಯ ಮೇಲೆ ಹಾದು, ಕಾಲುಗಳ ಮುಂದೆ, ಇನ್ನೊಂದು ರೆಕ್ಕೆಯ ಕೆಳಗಿನಿಂದ ಬರಲಿ. ಕಟ್ಟಿದ ಮೇಲೆ ಐದು ನಿಮಿಷ ಹಕ್ಕಿಯ ಮುಂದೆಯೇ ಕೂತು ಉಸಿರು ನೋಡಿ. ಬಾಲ ಆಡತೊಡಗಿದರೆ ಬಿಚ್ಚಿ ಮತ್ತೆ ಕಟ್ಟಿ. ಹಕ್ಕಿ ಮೊದಲು ಹಿಂದಕ್ಕೆ ಉರುಳುತ್ತದೆ, ತೂಕ ತಪ್ಪಿದ್ದರಿಂದ ಹಾಗಾಗುತ್ತದೆ, ಗಾಬರಿಬೇಡ.

ಹ್ಯೂಮರಸ್ ಬಗ್ಗೆ ಇನ್ನೊಂದು ಎಚ್ಚರಿಕೆ. ಅದರ ಒಳಗೆ ಗಾಳಿಚೀಲದ ಕವಲು ಇದೆ. ಮೂಳೆ ಹೊರಬಂದ ಗಾಯವನ್ನು ಸಿರಿಂಜಿನಿಂದ ಸಲೈನ್ ಚಿಮ್ಮಿಸಿ ತೊಳೆದರೆ ಆ ನೀರು ಗಾಳಿಚೀಲಕ್ಕೆ ಇಳಿದು ಹಕ್ಕಿ ಒಳಗೇ ಮುಳುಗುತ್ತದೆ. ಒದ್ದೆ ಗಾಜ್‌ನಿಂದ ಒರೆಸಿ ಮಾತ್ರ. ಮೂಳೆಯೊಳಗೆ ದ್ರವ ಕೊಡುವ ಸೂಜಿಯನ್ನೂ ಇದಕ್ಕೆ ಹಾಕಬಾರದು. ಅಲ್ನಾದ ಮಣಿಕಟ್ಟಿನ ತುದಿ ಅಥವಾ ಟಿಬಿಯೋಟಾರ್ಸಸ್‌ನ (ತೊಡೆಯ ಕೆಳಗಿನ ಕಾಲುಮೂಳೆ) ಮೇಲ್ತುದಿ ಅದಕ್ಕೆ ಸರಿಯಾದ ಜಾಗ.

ತಡವಿದರೆ ಎಲ್ಲೂ ಮುರಿದಿಲ್ಲ, ಆದರೂ ರೆಕ್ಕೆ ಮೇಲೇಳುವುದಿಲ್ಲ. ಕಿಟಕಿ ಗಾಜಿಗೋ ತಿರುಗುವ ಫ್ಯಾನಿಗೋ ಬಡಿದ ಚರಿತ್ರೆ ಇದೆ. ಆಗ ಅನುಮಾನ ಕೊರಕಾಯ್ಡ್ ಮೂಳೆಯ ಮೇಲೆ. ಭುಜಕ್ಕೂ ಎದೆಮೂಳೆಗೂ ನಡುವಿನ ಈ ಕಂಬ ಎದೆ ಮಾಂಸದ ಅಡಿಯಲ್ಲಿದೆ, ಬೆರಳಿಗೆ ಸಿಗದು. ಎಕ್ಸ್‌ರೇ ಬೇಕೇಬೇಕು, ಎದೆಮೂಳೆಯ ಗೆರೆ ಬೆನ್ನುಮೂಳೆಯ ಮೇಲೆ ಸರಿಯಾಗಿ ಕೂತ ಚಿತ್ರವೇ ಬೇಕು. ಅರ್ಧ ಮಗ್ಗುಲಾದ ಚಿತ್ರದಲ್ಲಿ ಮುರಿತ ಅಡಗಿಕೊಳ್ಳುತ್ತದೆ. ಸಣ್ಣ ಹಕ್ಕಿಯಲ್ಲಿ ರೆಕ್ಕೆಯನ್ನು ಮೈಗೆ ಕಟ್ಟಿ ಮೂರು ವಾರದಷ್ಟು ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೂಡುತ್ತದೆ.

ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಎರಡು ಮೂರು ವಾರದಲ್ಲಿ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಎಕ್ಸ್‌ರೇಯಲ್ಲಿ ಮುರಿತದ ಗೆರೆ ಇನ್ನೂ ಕಾಣುತ್ತಿರಬಹುದು. ಗೆರೆ ಮಾಯವಾಗಲಿ ಎಂದು ಕಟ್ಟನ್ನು ಆರು ವಾರ ಬಿಟ್ಟರೆ ಮೊಣಕೈ ಬಿಗಿದು, ಭುಜ-ಮಣಿಕಟ್ಟುಗಳ ನಡುವಿನ ಚರ್ಮದ ಪೊರೆ ಮುದುಡಿ, ಮೂಳೆ ಕೂಡಿದ ಹಕ್ಕಿ ಹಾರಲಾಗದೆ ಉಳಿಯುತ್ತದೆ. ಕೈಗೆ ಗಟ್ಟಿ ಸಿಕ್ಕಿತೋ, ಚಿತ್ರವನ್ನು ಬದಿಗಿಟ್ಟು ಕಟ್ಟು ಬಿಚ್ಚಿ.

ಹಸಿರಾಗಿರುವ ಚರ್ಮ

ಪೆಟ್ಟಾದ ಎರಡು ಮೂರು ದಿನಕ್ಕೆ ಆ ಜಾಗ ಸೊಪ್ಪಿನ ಹಸಿರಾಗುತ್ತದೆ. "ಕೊಳೆಯುತ್ತಿದೆ" ಎಂದು ರೆಕ್ಕೆ ಕತ್ತರಿಸುವ ಮಾತೂ ಬಂದುಬಿಡುತ್ತದೆ. ನಮ್ಮಲ್ಲಿ ರಕ್ತದ ಬಣ್ಣ ಒಡೆದು ಹಸಿರಾಗಿ, ಆಮೇಲೆ ಹಳದಿಗೆ ತಿರುಗುತ್ತದೆ. ಹಕ್ಕಿಯಲ್ಲಿ ಹಸಿರಿನಿಂದ ಹಳದಿಗೆ ಒಯ್ಯುವ ಕಿಣ್ವ ಇಲ್ಲ, ಬಿಲಿವರ್ಡಿನ್ ಹಂತದಲ್ಲೇ ನಿಲ್ಲುತ್ತದೆ. ಚರ್ಮ ಬೆಚ್ಚಗೆ, ಮೆತ್ತಗೆ ಇದ್ದರೆ ಅದು ಮಾಗುತ್ತಿರುವ ಕಂದು ಕಲೆಯ ಹಕ್ಕಿ ರೂಪ ಅಷ್ಟೇ. ಒಣಗಿ, ಕಪ್ಪಾಗಿ, ತಣ್ಣಗೆ, ತೊಗಲಿನಂತೆ ಗಡುಸಾಗಿದ್ದರೆ ಮಾತ್ರ ಅಂಗ ಸತ್ತಿದೆ.

ಕಾಲು ಊರುತ್ತಿಲ್ಲ

ಇಲ್ಲಿ ಮುರಿತಕ್ಕಿಂತ ಮೋಸ ಹೆಚ್ಚು. ಕ್ರಮವಾಗಿ ಹೋಗಿ.

ಬೆರಳುಗಳ ಸುತ್ತ ದಾರ, ಕೂದಲು ಬಿಗಿದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಊದಿದ ಚರ್ಮದ ಮಡಿಕೆಯೊಳಗೆ ದಾರ ಹುದುಗಿರುತ್ತದೆ. ಕಾಲಿನ ಬಳೆ ಒತ್ತುತ್ತಿದ್ದರೆ ಅರಿವಳಿಕೆ ಕೊಟ್ಟೇ ತೆಗೆಯಬೇಕು, ಎಚ್ಚರವಿದ್ದ ಹಕ್ಕಿ ಒದರಿಕೊಂಡರೆ ಬಳೆಯ ಅಂಚಿನಲ್ಲೇ ಮೂಳೆ ಲಟಕ್ಕೆನ್ನುತ್ತದೆ.

ಆಮೇಲೆ ಬೆರಳು ಚಿವುಟಿ. ಕಾಲು ಹಿಂದೆಳೆದರೆ ಸಾಲದು, ಅದು ಬೆನ್ನುಹುರಿಯ ಪ್ರತಿಕ್ರಿಯೆ ಮಾತ್ರ ಆಗಿರಬಹುದು. ಹಕ್ಕಿ ತಿರುಗಿ ನೋಡಬೇಕು, ಅಥವಾ ನಿಮ್ಮನ್ನು ಕುಕ್ಕಬೇಕು. ಕುಕ್ಕಿದರೆ ಒಳ್ಳೆಯ ಲಕ್ಷಣ.

ಬಡ್ಜಿಯ ಒಂದೇ ಕಾಲು ದಿನೇದಿನೇ ಸೋಲುತ್ತ ಬಂದು, ಮುರಿತವೂ ಕಾಣದಿದ್ದರೆ ಹೊಟ್ಟೆ ನೋಡಿ. ಕಾಲಿಗೆ ಇಳಿಯುವ ನರ ಮೂತ್ರಪಿಂಡದ ಮೂಲಕವೇ ಹಾಯುತ್ತದೆ. ಮೂತ್ರಪಿಂಡದಲ್ಲೋ ವೃಷಣ, ಅಂಡಾಶಯದಲ್ಲೋ ಗಡ್ಡೆ ಬೆಳೆದಾಗ ಮೊದಲು ಕಾಣಿಸುವುದು ಕುಂಟು. ಸ್ಪ್ಲಿಂಟ್ (ಆಧಾರಪಟ್ಟಿ) ಹಾಕಿ ಮೂರು ವಾರ ಕಾದರೆ ಮೂರು ವಾರ ಹೋದಂತೆ. ಎರಡೂ ಕಾಲು ಒಮ್ಮೆಲೇ ಸೋತ ಹೆಣ್ಣು ಹಕ್ಕಿ, ಕಾಲಗಲಿಸಿ ತಳದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ತಡವಿ. ಒತ್ತಿದರೆ ಮೊಟ್ಟೆ ಒಳಗೇ ಒಡೆಯುತ್ತದೆ.

ನಿಜವಾದ ಮುರಿತ ಬಡ್ಜಿ, ಕಾಕಟೀಲ್‌ಗಳಲ್ಲಿ ಹೆಚ್ಚಾಗಿ ಟಿಬಿಯೋಟಾರ್ಸಸ್‌ನಲ್ಲಿ. ಟೇಪ್ ಸ್ಪ್ಲಿಂಟ್ ಇದಕ್ಕೆ ಹೇಳಿ ಮಾಡಿಸಿದ್ದು: ಆ ಭಾಗದ ಪುಕ್ಕ ತೆಗೆದು, ಕಾಲನ್ನು ಕೂತಾಗಿನ ಕೋನದಲ್ಲಿ ಹಿಡಿದು, ಒಳಗೊಂದು ಹೊರಗೊಂದು ಟೇಪ್ ತುಂಡನ್ನು ಅಂಟುಮುಖ ಎದುರುಬದುರಾಗಿ ಇಟ್ಟು, ಕಾಲಿನ ಅಂಚಿಗೇ ಆರ್ಟರಿ ಫೋರ್ಸೆಪ್ಸ್‌ನಿಂದ ಒತ್ತಿ ಅಂಟಿಸಿ. ಹೀಗೆ ಮೂರು ನಾಲ್ಕು ಪದರ. ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಒಳಗೆ ಸೇರಿರಬೇಕು. ಬೆರಳುಗಳು ಹೊರಗಿರಲಿ, ದಿನಾ ಅವುಗಳ ಬಣ್ಣ, ಬಿಸಿ, ಊತ ನೋಡಲು. 150 ಗ್ರಾಂ ದಾಟಿದ ಹಕ್ಕಿಗೆ ಟೇಪ್ ಸಾಲದು, ಬಾಗಿಬಿಡುತ್ತದೆ. ಎಲ್ಲ ಭಾರ ಹೊರುವ ಇನ್ನೊಂದು ಕಾಲಿನ ಅಂಗಾಲು ವಾರದೊಳಗೆ ಕೆಂಪಾಗುತ್ತದೆ, ಕೂರುಕೋಲಿಗೆ ಮೊದಲ ದಿನವೇ ಮೆತ್ತನೆ ಪಟ್ಟಿ ಸುತ್ತಿ.

ತಲೆ ಓರೆ, ನಿಲ್ಲಲಾಗದು, ನಡುಕ

ಬಡಿದದ್ದನ್ನು ಯಾರಾದರೂ ಕಂಡಿದ್ದರೆ ತಲೆಪೆಟ್ಟು ಎಂದುಕೊಳ್ಳಿ. ಕಿವಿತೂತು, ಬಾಯಿಯ ಮೇಲ್ಛಾವಣಿ, ಕಣ್ಣಿನೊಳಗೆ ರಕ್ತವಿದೆಯೇ ನೋಡಿ. ಟಾರ್ಚ್ ಹಾಕಿ ಪಾಪೆ ಕುಗ್ಗುವುದನ್ನು ನೋಡಿ ತೀರ್ಪು ಕೊಡಬೇಡಿ. ಹಕ್ಕಿಯ ಪಾಪೆಯ ಸ್ನಾಯು ಅದರ ಇಚ್ಛೆಗೆ ಒಳಪಟ್ಟದ್ದು, ಬೆಳಕಿಲ್ಲದೆಯೂ ಸಿಟ್ಟಿಗೋ ಕುತೂಹಲಕ್ಕೋ ಅದನ್ನು ಕುಗ್ಗಿಸಿ ಹಿಗ್ಗಿಸುತ್ತದೆ. ಗಂಟೆಗಟ್ಟಲೆ ಎರಡು ಪಾಪೆ ಒಂದೇ ಸಮ ಇಲ್ಲದಿದ್ದರೆ ಅದಕ್ಕೆ ಅರ್ಥವುಂಟು. ಇಲ್ಲಿ ಶಾಖ ಬೇಡ: ಮೈ ಬಿಸಿಯಾದರೆ ತಲೆಯ ರಕ್ತನಾಳ ಹಿಗ್ಗಿ ಊತ ಏರುತ್ತದೆ. 22–24 ಡಿಗ್ರಿ, ಕತ್ತಲು, ಆಕ್ಸಿಜನ್, ತಲೆ ಸ್ವಲ್ಪ ಎತ್ತರ. ಸ್ಟೀರಾಯ್ಡ್ ಬೇಡ. ಹಕ್ಕಿಯ ರೋಗನಿರೋಧಕ ಶಕ್ತಿ ಅದಕ್ಕೆ ಕುಸಿದು, ವಾರ ಕಳೆದ ಮೇಲೆ ಆಸ್ಪರ್ಜಿಲ್ಲಸ್ ಶಿಲೀಂಧ್ರ ಶ್ವಾಸಕೋಶ ಹಿಡಿಯುತ್ತದೆ.

ಬಡಿದದ್ದನ್ನು ಯಾರೂ ಕಂಡಿಲ್ಲವೇ? ಹಾಗಾದರೆ ಎಕ್ಸ್‌ರೇ ತೆಗೆದು ಜಠರದಲ್ಲಿ ಬೆಳ್ಳಗೆ ಹೊಳೆಯುವ ಲೋಹದ ಚೂರು ಇದೆಯೇ ನೋಡಿ. ಸೀಸ, ಸತುವಿನ ವಿಷ ಇದೇ ವೇಷದಲ್ಲಿ ಬರುತ್ತದೆ. ಪರದೆಯ ತೂಕದ ಗುಂಡು, ಬೆಸುಗೆಯ ತುಣುಕು, ಕಳಪೆ ಲೇಪದ ಪಂಜರದ ತಂತಿ ಕಡಿಯುವ ಗಿಳಿಗಳಲ್ಲಿ ಇದು ಹೊಸದಲ್ಲ. ಆಫ್ರಿಕನ್ ಗ್ರೇ ಗಿಳಿ ನಡುಗಿ ಬಿದ್ದರೆ ರಕ್ತದ ಕ್ಯಾಲ್ಸಿಯಂ ನೋಡದೆ ಬೇರೆ ಯೋಚನೆ ಬೇಡ. ಬರೀ ಸೂರ್ಯಕಾಂತಿ ಬೀಜ ತಿನ್ನುವ ಗ್ರೇಯಲ್ಲಿ ಅದು ತಳ ಮುಟ್ಟಿರುತ್ತದೆ.

ಬೆಕ್ಕಿನ ಬಾಯಿಂದ ಬಿಡಿಸಿದ್ದು

ಗಾಯ ಕಾಣದಿದ್ದರೂ ಗಾಯವಿದೆ ಎಂದೇ ಹಿಡಿಯಿರಿ. ಬೆಕ್ಕಿನ ಹಲ್ಲು ಸೂಜಿಯಂಥದ್ದು, ತೂತು ಪುಕ್ಕದಡಿ ಮುಚ್ಚಿಹೋಗುತ್ತದೆ. ಜೊಲ್ಲಿನಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಒಂದೆರಡು ದಿನದಲ್ಲಿ ಹಕ್ಕಿಯನ್ನು ಕೊಲ್ಲಬಹುದು. "ನಾಳೆ ನೋಡೋಣ, ಚೆನ್ನಾಗೇ ಇದೆಯಲ್ಲ" ಎಂದು ಕಳುಹಿಸಬೇಡಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕಿಲೋಗೆ 125 ಮಿಗ್ರಾಂ, 12 ಗಂಟೆಗೊಮ್ಮೆ ಬಾಯಿಯ ಮೂಲಕ, ಅದೇ ದಿನ ಶುರು. ನಾಯಿಯ ಡೋಸ್‌ಗೆ ಹೋಲಿಸಿದರೆ ಇದು ದೊಡ್ಡದಾಗಿ ಕಾಣುತ್ತದೆ, ಹಕ್ಕಿಗೆ ಅಷ್ಟು ಬೇಕು.

ಚರ್ಮದಡಿ ಬಲೂನಿನಂತೆ ಉಬ್ಬಿ, ಒತ್ತಿದರೆ ಚರಚರ ಎಂದರೆ ಗಾಳಿಚೀಲ ಹರಿದಿದೆ. ಶುದ್ಧ ಸೂಜಿಯಿಂದ ಗಾಳಿ ತೆಗೆಯಿರಿ, ಮರುದಿನ ಮತ್ತೆ ತುಂಬಿರುತ್ತದೆ, ಮತ್ತೆ ತೆಗೆಯಿರಿ. ಉಸಿರಿಗೆ ಅಡ್ಡಿಯಿಲ್ಲದ ಸಣ್ಣ ಉಬ್ಬನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ಎದೆಯ ಮೇಲ್ಭಾಗದಲ್ಲಿ ತಿಂದ ಕಾಳು ಹೊರಬರುತ್ತಿದ್ದರೆ ಮೇವುಚೀಲ (ತಿಂದದ್ದು ಮೊದಲು ಸೇರುವ, ಕತ್ತಿನ ಬುಡದ ಚೀಲ) ತೂತಾಗಿದೆ. ಹೊಸ ಹರಕನ್ನು ಚೀಲ ಬೇರೆ, ಚರ್ಮ ಬೇರೆಯಾಗಿ ಎರಡು ಪದರದಲ್ಲಿ ಹೊಲಿಯಬೇಕು. ಮರಿಗೆ ಬಿಸಿ ಗಂಜಿ ಕೊಟ್ಟು ಸುಟ್ಟಿದ್ದರೆ ಅವಸರ ಬೇಡ, ಸತ್ತ ಭಾಗ ಯಾವುದು ಎಂದು ಗೆರೆ ಮೂಡಲು ಕೆಲವು ದಿನ ಬಿಟ್ಟು ಆಮೇಲೆ ಹೊಲಿಗೆ. ಅವತ್ತೇ ಹೊಲಿದರೆ ಹೊಲಿಗೆ ನಿಲ್ಲುವುದು ಸತ್ತ ಚರ್ಮದ ಮೇಲೆ.

ನೋವಿನ ಮದ್ದು, ಮತ್ತು ದಶಮಾಂಶದ ತಪ್ಪು

ಮೆಲಾಕ್ಸಿಕ್ಯಾಮ್ ಕಿಲೋಗೆ 1 ಮಿಗ್ರಾಂ, 12 ಗಂಟೆಗೊಮ್ಮೆ, ನೀರಿನಂಶ ಸರಿಹೋದ ಮೇಲೆ. 35 ಗ್ರಾಂ ಬಡ್ಜಿಗೆ 0.035 ಮಿಗ್ರಾಂ. ಮಿಲಿಗೆ 0.5 ಮಿಗ್ರಾಂ ಇರುವ ದ್ರವದಲ್ಲಿ ಅದು 0.07 ಮಿಲಿ, ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯಬಹುದು. ಮಿಲಿಗೆ 5 ಮಿಗ್ರಾಂ ಇರುವ ಇಂಜೆಕ್ಷನ್ ಬಾಟಲಿಯಿಂದ "ಒಂದೇ ಒಂದು ಪಾಯಿಂಟ್" ಎಂದು 0.1 ಮಿಲಿ ಎಳೆದರೆ 0.5 ಮಿಗ್ರಾಂ, ಬೇಕಾದ್ದರ ಹದಿನಾಲ್ಕು ಪಟ್ಟು. ಹತ್ತು ಪಟ್ಟು ತೆಳು ಮಾಡದೆ ಆ ಬಾಟಲಿಯನ್ನು ಬಡ್ಜಿಯ ಹತ್ತಿರ ತರಬೇಡಿ. ತೀವ್ರ ನೋವಿಗೆ ಬ್ಯುಟಾರ್ಫನಾಲ್ ಕಿಲೋಗೆ 1ರಿಂದ 3 ಮಿಗ್ರಾಂ, ಎದೆಯ ಮಾಂಸಕ್ಕೆ. ಕಾಲಿಗೆ ಚುಚ್ಚಿದರೆ ಔಷಧ ಮೂತ್ರಪಿಂಡದ ದಾರಿ ಹಿಡಿಯಬಹುದು.

ಡೈಕ್ಲೋಫೆನಾಕ್ ಬೇಡವೇ ಬೇಡ. ಆ ಔಷಧ ಪಡೆದ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಮೂಹಿಕವಾಗಿ ಸತ್ತವು. ಪ್ರೊಕೇನ್ ಸೇರಿದ ಪೆನಿಸಿಲಿನ್ ಸಣ್ಣ ಹಕ್ಕಿಗೆ ವಿಷ. ಜಿಡ್ಡಿನ ಮುಲಾಮು ಪುಕ್ಕಕ್ಕೆ ಮೆತ್ತಿಕೊಂಡರೆ ಪುಕ್ಕ ಶಾಖ ಹಿಡಿಯದು, ಕೊಕ್ಕಿನಿಂದ ನೆಕ್ಕಿ ಹೊಟ್ಟೆಗೂ ಹೋಗುತ್ತದೆ. ಗಾಯ ತೊಳೆಯಲು ಬೆಚ್ಚನೆ ಸಲೈನ್ ಸಾಕು, ಬೇಕಿದ್ದರೆ 0.05 ಶೇಕಡಾ ಕ್ಲೋರ್‌ಹೆಕ್ಸಿಡಿನ್.

ಸುಧಾರಿಸುತ್ತಿದ್ದ ಹಕ್ಕಿ ಮತ್ತೆ ಕುಸಿದರೆ

ಮೂಳೆಯ ಶಸ್ತ್ರಚಿಕಿತ್ಸೆ 24ರಿಂದ 48 ಗಂಟೆ ಬಿಟ್ಟು, ಹಕ್ಕಿ ತಾನಾಗಿ ತಿನ್ನತೊಡಗಿದ ಮೇಲೆ. ಆ ಅವಧಿಯಲ್ಲೂ ಅದರ ಮುಂದೆಯೂ ದಿನಾ ಬೆಳಿಗ್ಗೆ, ಮೇವು ಹಾಕುವ ಮುಂಚೆ, ತೂಕ ಬರೆದಿಡಲು ಮನೆಯವರಿಗೆ ಹೇಳಿ. 35ರಿಂದ 31.5 ಗ್ರಾಂಗೆ ಇಳಿದರೆ ಶೇ. 10 ಹೋಯಿತು, ಅವತ್ತೇ ವಾಪಸ್ ತರಬೇಕು. ಕಾಳಿನ ಬಟ್ಟಲು ತುಂಬಿದೆ ಎಂದರೆ ತಿನ್ನುತ್ತಿಲ್ಲ ಎಂದೂ, ಖಾಲಿ ಕಂಡರೆ ತಿಂದಿದೆ ಎಂದೂ ಅರ್ಥವಲ್ಲ. ಬಟ್ಟಲಿನಲ್ಲಿರುವುದು ಬರೀ ಸಿಪ್ಪೆಯೇ ಎಂದು ಊದಿ ನೋಡಬೇಕು.

ಕಟ್ಟನ್ನು ಹಕ್ಕಿ ಕುಕ್ಕುತ್ತಲೇ ಇದ್ದರೆ ಮೊದಲ ಕಾರಣ ಹಟವಲ್ಲ, ನೋವು ಅಥವಾ ಬಿಗಿ. ಕೊರಳಪಟ್ಟಿ ಹಾಕುವ ಮೊದಲು ಕಟ್ಟು ಬಿಚ್ಚಿ ಒಳಗೆ ನೋಡಿ. ಕೊರಳಪಟ್ಟಿ ಹಾಕಿದ ದಿನ ಎಷ್ಟೋ ಹಕ್ಕಿಗಳು ಮೇವು ಬಿಡುತ್ತವೆ. ಹಾಕಲೇಬೇಕಾದರೆ ಬೆಳಗ್ಗೆಯೇ ಹಾಕಿ ಸಂಜೆವರೆಗೆ ಎದುರಲ್ಲೇ ಇಟ್ಟುಕೊಳ್ಳಿ. ಪಂಜರದ ಕೂರುಕೋಲುಗಳನ್ನೆಲ್ಲ ತೆಗೆದು, ಒಂದೇ ಒಂದನ್ನು ತಳದಿಂದ ಎರಡು ಬೆರಳೆತ್ತರಕ್ಕೆ ಕಟ್ಟಿ. ಕಾಳು, ನೀರು ಅದರ ಪಕ್ಕದಲ್ಲೇ, ಕತ್ತು ಚಾಚಿದರೆ ಸಿಗುವ ಹಾಗೆ ಇರಲಿ.